ಗೇಟಿನ ಎದುರಿನ ಸಾಲು: ಅಪರಾಧದ ಕತೆ ಬರೆದು ಕಲಿತ ಪಾಠಗಳು

ಇಪ್ಪತ್ತೆರಡು ವರ್ಷಗಳಿಂದ ಧಾರಾವಾಹಿಗಳಿಗೆ, ನಡುನಡುವೆ ಸಿನಿಮಾಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುತ್ತ ಬಂದಿದ್ದೇನೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕೊಲೆ, ಕಳವು, ಕೋರ್ಟು, ಜೈಲಿನ ಕತೆಗಳೇ. ಜೈಲನ್ನು ನಾವು ಕೃಷ್ಣನ ಜನ್ಮಸ್ಥಾನ ಎನ್ನುತ್ತೇವೆ, ಮಾವನ ಮನೆ ಎನ್ನುತ್ತೇವೆ. ಒಳಗೆ ಹೋದವನು ಮುದ್ದೆ ಮುರಿಯುತ್ತಿದ್ದಾನೆ ಎಂದು ನಗುತ್ತೇವೆ. ನಾನೂ ಆ ಮಾತುಗಳಿಂದಲೇ ಸಂಭಾಷಣೆ ಹೆಣೆದೆ, ಚಪ್ಪಾಳೆಯೂ ಬಿತ್ತು. ಆ ನಗೆ ಯಾರ ಎದೆಗೆ ಚುಚ್ಚುತ್ತದೆ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಈಗ ಬರೆಯಲು ಬರುವ ಎಳೆಯರಿಗೆ ನಾನು ಹೇಳುವುದು ಇಷ್ಟು.

1. ಕೃತ್ಯವನ್ನು ಬೇಗ ಮುಗಿಸಿ

ಕೊಲೆ ಹೇಗಾಯಿತು ಎಂಬುದನ್ನೇ ಹತ್ತು ಕಂತು ಎಳೆಯುತ್ತಿದ್ದೆ. ಬದುಕಿನಲ್ಲಿ ಅದು ಗಳಿಗೆಯ ಕೆಲಸ, ನೆರಳು ಬೀಳುವುದು ಮುಂದಿನ ವರ್ಷಗಳ ಮೇಲೆ. ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ನೋಡಿ. ಅಪಘಾತ ಮಾಡಿದವನು ಮಾಲೀಕನ ಮಗ. ಹಣದ ಭರವಸೆ ನಂಬಿ, ಸ್ವಂತ ಮನೆಯ ಆಸೆಗೆ, ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವವನು ಅವರಲ್ಲಿ ದುಡಿಯುವ ಮನು. ಬೇಗ ಹೊರಬರುತ್ತೇನೆ ಎಂದುಕೊಂಡವನ ಯೌವನ ಒಳಗೇ ಕರಗುತ್ತದೆ. ಅಪಘಾತಕ್ಕೆ ಕೆಲವೇ ಕ್ಷಣ ಕೊಟ್ಟ ನಿರ್ದೇಶಕರು, ಅದು ಕಸಿದುಕೊಂಡ ಬದುಕಿಗೆ ಎರಡು ಸಿನಿಮಾ ಕೊಟ್ಟರು.

2. ಮೊದಲು ಗೇಟಿನ ಹೊರಗೆ ನಿಲ್ಲಿ

ನನ್ನ ಒಂದು ಧಾರಾವಾಹಿಯಲ್ಲಿ ಹೆಂಡತಿ ಜೈಲಿಗೆ ಬಂದು ಗಂಡನನ್ನು ಕಾಣುವ ದೃಶ್ಯವಿತ್ತು. ಮಡಿಕೆ ಮಾಸದ ರೇಷ್ಮೆ ಸೀರೆ, ಕಣ್ತುಂಬ ನೀರು, ಹಿನ್ನೆಲೆಯಲ್ಲಿ ಪಿಟೀಲು. ಅದು ಪ್ರಸಾರವಾದ ಕೆಲವು ದಿನಕ್ಕೆ ಒಂದು ಮದುವೆ ಮನೆಯಲ್ಲಿ ಅಡುಗೆಗೆ ಬಂದಿದ್ದ ಹೆಂಗಸೊಬ್ಬರು ನನ್ನ ಬಳಿ ಬಂದರು. ಅವರ ಗಂಡ ನಾಲ್ಕು ವರ್ಷದಿಂದ ಒಳಗಿದ್ದ. “ಅಣ್ಣಾ, ನಿಮ್ಮ ಸೀರಿಯಲ್ಲಿನ ಆಯಮ್ಮ ಬೆಳಿಗ್ಗೆ ಎಷ್ಟೊತ್ತಿಗೆ ಮನೆ ಬಿಟ್ಳು? ಮಕ್ಕಳನ್ನ ಯಾರ ಹತ್ರ ಬಿಟ್ಳು? ಅವತ್ತಿನ ಕೂಲಿ ಹೋಯ್ತಲ್ಲ, ಅದನ್ನ ಯಾರು ಕೊಟ್ರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರವೇ ಸಂದರ್ಶನದ ದಿನ ನೋಡಿಕೊಂಡು ಜೈಲಿನ ಗೇಟಿನ ಎದುರು ನಿಂತೆ. ಕೈಯಲ್ಲಿ ಆಧಾರ್ ಕಾರ್ಡು, ಚೀಲದಲ್ಲಿ ಬಟ್ಟೆ, ಸೊಂಟದಲ್ಲಿ ಮಗು. ಕೆಲವೇ ನಿಮಿಷದ ಮಾತಿಗೆ ಇಡೀ ದಿನ ಕಾಯುವ ಸಾಲು. ತೀರ್ಪಿನಲ್ಲಿ ಹೆಸರಿಲ್ಲದವರೂ ಶಿಕ್ಷೆ ಅನುಭವಿಸುತ್ತಾರೆ ಎಂಬುದು ಆ ಸಾಲಿನಲ್ಲಿ ನನಗೆ ಕಂಡಿತು.

3. ಕಾನೂನು ತಿಳಿಯದೆ ಪೆನ್ನು ಹಿಡಿಯಬೇಡಿ

ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ತಪ್ಪು. ಕಾನೂನಿನ ಪ್ರಕಾರ ಅದು ಉಸಿರಿರುವ ತನಕದ ಶಿಕ್ಷೆ. ಕೊಲೆಯಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ 14 ವರ್ಷ ಒಳಗೆ ಕಳೆದ ಮೇಲಷ್ಟೇ ಅವಧಿಪೂರ್ವ ಬಿಡುಗಡೆಯ ಅರ್ಜಿ ಪರಿಶೀಲನೆಗೆ ಬರುತ್ತದೆ. ಬಿಡಲೇಬೇಕೆಂಬ ಹಕ್ಕು ಆಗಲೂ ಇಲ್ಲ. ಸಾಕ್ಷಿಯಿಂದ ಭಗವದ್ಗೀತೆ ಮುಟ್ಟಿಸಿ ಪ್ರಮಾಣ ಮಾಡಿಸುವುದೂ ಸಿನಿಮಾದ್ದೇ. 1969ರ ಪ್ರಮಾಣವಚನ ಕಾಯ್ದೆಯ ನಮೂನೆಯಲ್ಲಿ ಗ್ರಂಥದ ಮಾತೇ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಲಾಕಪ್ಪಿನದು. ನಾಯಕ ಆರೋಪಿಗೆ ಬಾರಿಸುತ್ತಾನೆ, ಅವನು ಒಪ್ಪಿಕೊಳ್ಳುತ್ತಾನೆ, ಕೇಸು ಮುಗಿಯುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಮಾನ್ಯವಾಗಿ ನಮ್ಮ ನ್ಯಾಯಾಲಯಗಳಲ್ಲಿ ನಿಲ್ಲುವುದಿಲ್ಲ. ಅದರಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಹೊಡೆತವನ್ನು ನ್ಯಾಯವೆಂದು ತೋರಿಸಿದಷ್ಟೂ ನೋಡುವವರು ಹೊಡೆತವನ್ನೇ ನ್ಯಾಯವೆಂದು ನಂಬುತ್ತಾರೆ.

ಇನ್ನೊಂದು ಸಂಗತಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಉಳಿದವರೂ ಅವರಲ್ಲಿದ್ದಾರೆ. ನಮ್ಮ ಪರದೆಯ ಮೇಲೆ ಇವರು ಎಷ್ಟು ಸಲ ಕಂಡಿದ್ದಾರೆ?

4. ತೋರಿಸದೆಯೂ ಹೇಳಬಹುದು

ಮಲಯಾಳಂ ಲೇಖಕ ಬಷೀರರ ‘ಮದಿಲುಗಳ್’ ಕಾದಂಬರಿಯನ್ನು ಅಡೂರು ಗೋಪಾಲಕೃಷ್ಣನ್ ಸಿನಿಮಾ ಮಾಡಿದರು. ಗಂಡಸರ ಜೈಲಿಗೂ ಹೆಂಗಸರ ಜೈಲಿಗೂ ನಡುವೆ ಒಂದು ಗೋಡೆ. ಈಚೆಯ ಕೈದಿಗೆ ಆಚೆಯಿಂದ ಕೈದಿ ನಾರಾಯಣಿಯ ದನಿ ಕೇಳುತ್ತದೆ, ಅವಳ ಮುಖ ಕೊನೆಯವರೆಗೂ ಕಾಣುವುದಿಲ್ಲ. ಇನ್ನೇನು ಇಬ್ಬರೂ ಕಣ್ಣಾರೆ ಕಾಣಬೇಕು ಎನ್ನುವಾಗ ಅವನಿಗೆ ಬಿಡುಗಡೆಯ ಆದೇಶ ಬರುತ್ತದೆ. ಬಿಡುಗಡೆಯೇ ಶಿಕ್ಷೆಯಾಗುವ ಆ ಗಳಿಗೆಯಲ್ಲಿ ರಕ್ತವಿಲ್ಲ, ಹೊಡೆದಾಟವಿಲ್ಲ.

5. ಬಿಡುಗಡೆಯಲ್ಲಿ ಕತೆ ನಿಲ್ಲಿಸಬೇಡಿ

‘ದಿ ಶಾಶಾಂಕ್ ರಿಡೆಂಪ್ಷನ್’ (1994) ಚಿತ್ರದ ಮುದುಕ ಬ್ರೂಕ್ಸ್ ಐವತ್ತು ವರ್ಷ ಒಳಗಿದ್ದು ಹೊರಬರುತ್ತಾನೆ. ಹೊರಗಿನ ಲೋಕದಲ್ಲಿ ಅವನಿಗೆ ಜಾಗವಿಲ್ಲ, ಪ್ರಾಣ ಕಳೆದುಕೊಳ್ಳುತ್ತಾನೆ. ನಮ್ಮಲ್ಲೂ ಅಷ್ಟೆ: ಬಾಡಿಗೆ ಮನೆ, ಕೆಲಸ, ಮಗಳ ಮದುವೆಯ ಮಾತುಕತೆ, ಎಲ್ಲ ಕಡೆ ‘ಜೈಲಿಗೆ ಹೋಗಿ ಬಂದವನು’ ಎಂಬ ಮಾತು ಮೊದಲು ತಲುಪುತ್ತದೆ. ಆ ಮಾತಿನೊಂದಿಗೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದನ್ನು ಬರೆಯಿರಿ.

6. ಕಂಡುಂಡವರ ಬರಹ ಓದಿ

ಬಿಮಲ್ ರಾಯ್ ಅವರ ‘ಬಂದಿನಿ’ (1963) ಹುಟ್ಟಿದ್ದು ಜರಾಸಂಧ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಬಂಗಾಳಿ ಜೈಲು ಅಧಿಕಾರಿಯ ಕಾದಂಬರಿಯಿಂದ. ವೆಟ್ರಿಮಾರನ್ ಅವರ ‘ವಿಸಾರಣೈ’ಗೆ ಆಧಾರ, ಲಾಕಪ್ಪಿನಲ್ಲಿ ನರಳಿದ ಆಟೊ ಚಾಲಕ ಚಂದ್ರಕುಮಾರ್ ಅವರ ಪುಸ್ತಕ. ನಮ್ಮ ‘ಆ ದಿನಗಳು’ (2007) ಬಂದಿದ್ದು ಅಗ್ನಿ ಶ್ರೀಧರ್ ಅವರ ಆತ್ಮಕಥನದಿಂದ. ಇವುಗಳ ಜೊತೆಗೆ ದೇವನೂರ ಮಹಾದೇವರ ‘ಒಡಲಾಳ’ವನ್ನು ತಪ್ಪದೆ ಓದಿ. ಕದ್ದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿನ್ನುವ ಆ ರಾತ್ರಿಯನ್ನು ಓದಿದವರಿಗೆ ಕಳವಿಗಿಂತ ಮೊದಲು ಕಾಣುವುದು ಹಸಿವು.

7. ಸತ್ತವನ ಮನೆಗೂ ಹೋಗಿ

ಕೈದಿಯ ಬಗ್ಗೆ ಕರುಣೆ ತೋರುವಾಗ ಪ್ರಾಣ ಕಳೆದುಕೊಂಡವನ ತಾಯಿಯನ್ನು ಮರೆಯಬೇಡಿ. ಅವಳೂ ವರ್ಷಗಟ್ಟಲೆ ಕೋರ್ಟಿನ ಜಗಲಿಯಲ್ಲಿ ವಾಯಿದೆಯಿಂದ ವಾಯಿದೆಗೆ ಕಾಯುತ್ತಾಳೆ. ಇಬ್ಬರ ಕಾಯುವಿಕೆಯನ್ನೂ ಒಂದೇ ಪ್ರೀತಿಯಿಂದ ಬರೆದಾಗ ಮಾತ್ರ ಕತೆ ನ್ಯಾಯದ ಹತ್ತಿರ ಬರುತ್ತದೆ.

ಮುಂದಿನ ಸಲ ಜೈಲಿನ ದೃಶ್ಯ ಬರೆಯುವ ಮೊದಲು ನಿಮ್ಮ ಊರಿನ ಜೈಲಿನ ಗೇಟಿನ ಎದುರು ಒಂದು ಬೆಳಗು ನಿಂತು ಬನ್ನಿ. ಸಾಲಿನಲ್ಲಿರುವವರು ಏನು ಹೊತ್ತು ತಂದಿದ್ದಾರೆ, ಎಷ್ಟು ಹೊತ್ತಿನಿಂದ ನಿಂತಿದ್ದಾರೆ ನೋಡಿ. ಬರವಣಿಗೆ ಅಲ್ಲಿಂದ ಶುರುವಾಗಲಿ.