ಅರಿವು ಕೇಂದ್ರದಲ್ಲೊಂದು ಮಕ್ಕಳ ಓದುಕೂಟ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳ ಓದುಕೂಟ ಕಟ್ಟಲು ಹೊಸ ಕಟ್ಟಡವೂ ಬೇಡ, ಪಟ್ಟಿ ಎತ್ತುವುದೂ ಬೇಡ; ಊರಿನ ಗ್ರಂಥಾಲಯವೇ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಈಗ ‘ಅರಿವು ಕೇಂದ್ರ’ ಎಂಬ ಫಲಕ ಇರುವುದು ಇವಕ್ಕೇ.

ಮೊದಲು ಗ್ರಂಥಾಲಯದ ಮೇಲ್ವಿಚಾರಕರನ್ನು ಕಾಣಿ. ವಾರದ ಒಂದು ತಾಸು ಕೇಳಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಒಂದು ಮನವಿ ಕೊಡಿ. ಪಟ್ಟಣದಲ್ಲಾದರೆ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕರ ಜೊತೆ ಮಾತಾಡಿದರಾಯಿತು.

ವೇಳೆಯನ್ನು ಊರಿನ ದುಡಿಮೆ ನೋಡಿ ಗೊತ್ತುಮಾಡಿ. ನೇಕಾರರ ಓಣಿಗಳಲ್ಲಿ ರಜೆಯ ದಿನ ಮಕ್ಕಳಿಗೆ ಕಂಡಿಕೆ ಸುತ್ತುವ ಕೆಲಸವಿರಬಹುದು. ಅಂಥಲ್ಲಿ ಶಾಲೆ ಬಿಟ್ಟ ಮೇಲಿನ ಹೊತ್ತೇ ಒಳ್ಳೆಯದು. ಕಬ್ಬಿನ ಹಂಗಾಮಿನಲ್ಲಿ ಹೊರಗಿನಿಂದ ಬಂದ ಕಬ್ಬು ಕಡಿಯುವ ಗ್ಯಾಂಗ್‌ಗಳ ಮಕ್ಕಳು ಗುಡಿಸಲಲ್ಲೇ ಉಳಿದಿದ್ದರೆ ಆಧಾರ್, ವಿಳಾಸ ಕೇಳದೆ ಕರೆದು ಕೂರಿಸಿಕೊಳ್ಳಿ. ಮನೆಮಾತು ಮರಾಠಿಯಾದರೂ ಚಿತ್ರಪುಸ್ತಕ ಅವರನ್ನು ಒಳಗೆ ತರುತ್ತದೆ.

ಆರಂಭಕ್ಕೆ ಹದಿನೈದು-ಇಪ್ಪತ್ತು ತೆಳು ಪುಸ್ತಕ ಸಾಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್‌ನ ಚಿತ್ರಕಥೆಗಳನ್ನು ಹುಡುಕಿ. ‘ಸ್ಟೋರಿವೀವರ್’ ತಾಣದ ಕನ್ನಡ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು. ವಿಜಯಪುರ ಸೀಮೆಯ ಶಂ.ಗು. ಬಿರಾದಾರ, ಸಿಸು ಸಂಗಮೇಶ ಅವರ ಮಕ್ಕಳ ಪದ್ಯಗಳು ನಮ್ಮ ಮಕ್ಕಳ ಕೈಗೆ ಬರಲೇಬೇಕು. ದೊಡ್ಡ ಮಕ್ಕಳಿಗೆ, 2022ರ ಬಾಲ ಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಇರಲಿ.

ಇನ್ನು ಆ ಒಂದು ತಾಸು. ಕೂಟ ಉಳಿಯುವುದೂ ಮುರಿಯುವುದೂ ಇಲ್ಲಿಯೇ. ಮೊದಲ ಕಾಲು ತಾಸು ನೀವೇ ಗಟ್ಟಿಯಾಗಿ ಓದಿ. ಚಿತ್ರ ಹಿಂದಿನ ಸಾಲಿಗೂ ಕಾಣಲಿ. ಅಡ್ಡಬಂದ ಶಬ್ದವನ್ನು ಮನೆಯ ಮಾತಿನಲ್ಲಿ ಹೇಳಿ ಮುಂದೆ ಹೋಗಿ. ಓದಿದ ಮೇಲೆ ‘ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ‘ನೀ ಅಲ್ಲಿದ್ರ ಏನ್ ಮಾಡ್ತಿದ್ದಿ?’ ಎನ್ನಿ, ಹಿಂದೆ ಕುಳಿತ ಮಗುವೂ ಬಾಯಿ ಬಿಡುತ್ತದೆ. ಆಮೇಲೆ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ, ಬೇಕಾದ್ದನ್ನು ಅವರೇ ಆರಿಸಲಿ. ಓದು ಬಾರದವರ ಪಕ್ಕ ಓದು ಬಲ್ಲ ಒಬ್ಬರನ್ನು ಕೂರಿಸಿ. ಸ್ಪರ್ಧೆ, ಬಹುಮಾನ ಬೇಡವೇ ಬೇಡ. ತಡವರಿಸುವ ಮಗು ಮೊದಲ ಸ್ಪರ್ಧೆಗೇ ಮನೆ ಸೇರುತ್ತದೆ. ಹೈಸ್ಕೂಲು ಮಕ್ಕಳಿಗೆ ರನ್ನನ ‘ಗದಾಯುದ್ಧ’ದ ಕಥೆಯನ್ನು ಹೊಸಗನ್ನಡದಲ್ಲಿ ಹೇಳಿ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಬರೆದ ಕವಿ ಮುಧೋಳದವನೆಂದು ಅವರಿಗೆ ತಿಳಿಯಲಿ.

ಪುಸ್ತಕ ಮನೆಗೆ ಹೋಗಲೇಬೇಕು. ಒಂದು ನೋಟುಬುಕ್ಕಿನಲ್ಲಿ ಹೆಸರು, ಪುಸ್ತಕ, ತಾರೀಕು ಬರೆಯುವ ಹೊಣೆ ಮಕ್ಕಳದೇ ಇರಲಿ. ಹರಿದರೆ ದಂಡವಿಲ್ಲ, ಕೂಡಿ ಅಂಟಿಸಿದರಾಯಿತು.

ಮೂರು ತಿಂಗಳಲ್ಲಿ ಕಪಾಟಿನ ಪುಸ್ತಕ ಸಾಲದಾಗುತ್ತದೆ. ಪಂಚಾಯಿತಿ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲು ಮಾಡುತ್ತದೆ. ಆದ್ದರಿಂದ ಪುಸ್ತಕ ಕೇಳಲು ಸಂಕೋಚ ಬೇಡ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಕೇಳಲಿ. ಪುಸ್ತಕದ ಹೆಸರು, ಪ್ರಕಾಶಕರು, ಬೆಲೆ ಬರೆದ ಪಟ್ಟಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದುಕೊಳ್ಳಲಿ.