ಕರಾಚಿಯನ್ನು ಬಲ್ಲ ಅಡ್ಮಿರಲ್: ಎಸ್. ಎಂ. ನಂದಾ

ಡಿಸೆಂಬರ್ 4 ನಮ್ಮ ದೇಶದ ನೌಕಾದಿನ. ಆ ತಾರೀಖೇ ಯಾಕೆ ಅಂತ ಯಾರಾದರೂ ಕೇಳಿದರೆ ‘1971, ಕರಾಚಿ’ ಎನ್ನುತ್ತೇವೆ, ಅಷ್ಟಕ್ಕೇ ನಿಲ್ಲಿಸುತ್ತೇವೆ. ಆ ರಾತ್ರಿಯ ಹಿಂದೆ ಮೂವತ್ತು ವರ್ಷದ ದುಡಿಮೆಯಿತ್ತು. ಈ ಪಾಠ ಅದರ ಬಗ್ಗೆ.

ಬಾಲ್ಯ ಮತ್ತು ಕೆಲಸ

ಸರ್ದಾರಿಲಾಲ್ ಮಥ್ರಾದಾಸ್ ನಂದಾ ಹುಟ್ಟಿದ್ದು 1915ರಲ್ಲಿ. ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ. ನೌಕಾದಳ ಸೇರುವ ಮೊದಲು ಅದೇ ಬಂದರಿನ ಕಚೇರಿಯಲ್ಲಿ ಕೆಲಸ ಮಾಡಿದ್ದರು. ಹಡಗು ಎಲ್ಲಿಂದ ಒಳಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅವರಿಗೆ ಮನೆಯಂಗಳದಷ್ಟು ಪರಿಚಿತ. 1947ರಲ್ಲಿ ಆ ಊರು ಪರದೇಶವಾಯಿತು.

1957ರಲ್ಲಿ ಬ್ರಿಟನ್ನಿನಿಂದ ಕೊಂಡ ಕ್ರೂಸರ್ ‘ಐ.ಎನ್.ಎಸ್. ಮೈಸೂರು’ ನೌಕಾದಳಕ್ಕೆ ಸೇರಿದಾಗ ಅದರ ಮೊದಲ ಕ್ಯಾಪ್ಟನ್ ನಂದಾ. ಕನ್ನಡಿಗರಾದ ನಮಗೆ ಇದು ಖುಷಿಯ ವಿಷಯ: ಆ ಹಡಗಿನ ಲಾಂಛನ ನಮ್ಮ ಗಂಡಭೇರುಂಡವೇ! ಮುಂದೆ ಮುಂಬಯಿಯ ಮಝಗಾಂವ್ ಡಾಕ್‌ನ ಆಡಳಿತವನ್ನೂ ನೋಡಿಕೊಂಡರು.

1965ರ ನೋವು

1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ಪೋರಬಂದರಿನಿಂದ ಉತ್ತರಕ್ಕೆ ಹೋಗಬೇಡಿ ಅಂತ ನಮ್ಮ ನೌಕಾದಳಕ್ಕೆ ಸರ್ಕಾರದ ಆಜ್ಞೆಯಿತ್ತು. ಕೈಕಟ್ಟಿ ಕೂತ ಆ ನೋವು ಅಧಿಕಾರಿಗಳ ಮನಸ್ಸಿನಲ್ಲಿ ಉಳಿಯಿತು.

1970ರಲ್ಲಿ ನಂದಾ ನೌಕಾದಳದ ಮುಖ್ಯಸ್ಥರಾದರು. ಹಳೆಯದನ್ನು ಹೇಳಿ ಗೊಣಗುತ್ತ ಕೂರಲಿಲ್ಲ. ಯುದ್ಧಕ್ಕೆ ಮೊದಲೇ ಪ್ರಧಾನಿ ಇಂದಿರಾ ಗಾಂಧಿಯವರ ಬಳಿ ಹೋಗಿ, ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರದ ಆಕ್ಷೇಪವಿದೆಯೇ ಎಂದು ನೇರವಾಗಿ ಕೇಳಿದರು. ಯುದ್ಧವೆಂದ ಮೇಲೆ ಯುದ್ಧವೇ ಎಂಬರ್ಥದ ಉತ್ತರ ಸಿಕ್ಕಿತು.

ದೋಣಿಗಳ ಉಪಾಯ

ಸೋವಿಯತ್ ದೇಶದಿಂದ ಆಗಷ್ಟೇ ಎಂಟು ಸಣ್ಣ ಕ್ಷಿಪಣಿ ದೋಣಿಗಳು ಬಂದಿದ್ದವು. ಅವು ಸ್ವಂತ ಬಂದರು ಕಾಯಲು ಮಾಡಿದಂಥವು, ಬಹುದೂರ ಹೋಗಲಾರವು. ಹಾಗಾದರೆ ದೊಡ್ಡ ಹಡಗಿಗೆ ಕಟ್ಟಿ ಎಳೆದೊಯ್ದರೆ? ಅದನ್ನೂ ಪರೀಕ್ಷಿಸಿ ನೋಡಿದರು.

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಕಿಲ್ತಾನ್ ಮತ್ತು ಕಟ್ಚಲ್ ಹಡಗುಗಳ ಜೊತೆ ಕರಾಚಿಯತ್ತ ನುಗ್ಗಿದವು. ಖೈಬರ್, ಮುಹಾಫಿಜ್ ಎಂಬ ಯುದ್ಧನೌಕೆಗಳು ಮುಳುಗಿದವು. ನಮ್ಮ ದೋಣಿಗಳೆಲ್ಲ ಸುರಕ್ಷಿತವಾಗಿ ಮರಳಿದವು. ನಾಲ್ಕು ದಿನಗಳ ನಂತರ ‘ವಿನಾಶ್’ ದೋಣಿಯ ದಾಳಿಯಲ್ಲಿ ಕೆಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು.

ಬೆಲೆ

ಗೆಲುವು ಪುಕ್ಕಟೆಯಲ್ಲ. ಡಿಸೆಂಬರ್ 9ರಂದು ದೀವ್ ಬಳಿ ನಮ್ಮ ‘ಖುಕ್ರಿ’ಯನ್ನು ಹಂಗೋರ್ ಎಂಬ ಜಲಾಂತರ್ಗಾಮಿ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮುಲ್ಲಾ ಹಡಗಿನೊಡನೆಯೇ ಹೋದರು. ಆ ಕಡೆ ಸತ್ತ ನಾವಿಕರಿಗೂ ತಾಯಿ ತಂದೆ ಇದ್ದರು. ಬೆಂಕಿ ಬಿದ್ದದ್ದು ನಂದಾ ಬೆಳೆದ ಊರಿಗೇ ಎಂಬುದನ್ನೂ ಮರೆಯಬಾರದು.

1973ರಲ್ಲಿ ನಿವೃತ್ತರಾದ ಅವರು 2009ರಲ್ಲಿ ತೀರಿಕೊಂಡರು.

ನಮಗೇನು ಪಾಠ? ಬಂದರು ಕಚೇರಿಯ ಕೆಲಸ ಸಣ್ಣದೆಂದು ಆಗ ಯಾರಿಗಾದರೂ ಅನ್ನಿಸಿರಬಹುದು. ಅಲ್ಲಿ ಕಣ್ಣು ತೆರೆದು ಕಲಿತದ್ದೇ ಮುಂದೆ ಕೈಹಿಡಿಯಿತು. ಕೇಳಬೇಕಾದ ಪ್ರಶ್ನೆಯನ್ನು ಹೊತ್ತು ಮೀರುವ ಮೊದಲೇ ಕೇಳುವುದೂ ಧೈರ್ಯವೇ.

ಚರ್ಚೆಗೆ:
1. ಆಜ್ಞೆ ಪಾಲಿಸುವುದು, ಆಜ್ಞೆಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು: ಇವೆರಡರ ವ್ಯತ್ಯಾಸವೇನು?
2. ನೌಕಾದಿನದಂದು ‘ಖುಕ್ರಿ’ಯನ್ನು ನೆನೆಯದಿದ್ದರೆ ನಾವು ಕಳೆದುಕೊಳ್ಳುವುದೇನು?