ಪ್ಲಗ್ ಕೂತಿದೆಯೇ, ಎಳೆದು ನೋಡಿ

ಅಮೆರಿಕದ ಸರೋವರಗಳಲ್ಲಿ ಯಮಾಹಾ ಜೆಟ್ ಬೋಟ್ ಓಡಿಸುವ ಗೆಳೆಯರೇ, ಹಿಂಬದಿಯ ಮುಚ್ಚಳದ ಕೆಳಗಿರುವ ಕ್ಲೀನ್‌ಔಟ್ ಪ್ಲಗ್‌ಗಳ ಸುತ್ತ ನೀರು ಜಿನುಗಿದರೆ ದಯವಿಟ್ಟು ಅಸಡ್ಡೆ ಮಾಡಬೇಡಿ. ಪಂಪಿಗೆ ಸಿಕ್ಕಿಕೊಂಡ ಕಳೆ, ಹಗ್ಗ ತೆಗೆಯುವ ಕಿಂಡಿಗೆ ಇವೇ ಬಿರಡೆ. ಸರಿಯಾಗಿ ಲಾಕ್ ಆಗದಿದ್ದರೆ ಬೋಟ್ ಓಡುವಾಗ ನೀರಿನ ಒತ್ತಡಕ್ಕೆ ಕಿತ್ತು ಬರಬಹುದು.

ಸೋರಿಕೆಯಾದರೆ ಮೊದಲು ಪ್ಲಗ್‌ನ ರಬ್ಬರ್ ರಿಂಗ್ ನೋಡಿ. ಅದರ ಮೇಲೆ ಒಂದು ಮರಳಿನ ಕಣ ಕೂತರೂ ಸಾಕು, ನೀರಿಗೆ ದಾರಿ. ರಿಂಗನ್ನೂ ಕಿಂಡಿಯ ಕೊಳವೆಯ ಒಳಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಕೈಪಿಡಿ ಹೇಳಿದ ಗ್ರೀಸನ್ನು ತೆಳುವಾಗಿ ಸವರಿ. ರಿಂಗ್ ಗಡುಸಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಸೀಲೆಂಟ್ ಮೆತ್ತುವುದು ನನಗಂತೂ ಸರಿಕಾಣದು. ನಡುನೀರಿನಲ್ಲಿ ಕಳೆ ಸಿಕ್ಕಾಗ ಆ ಪ್ಲಗ್ ತೆಗೆಯಲೇಬೇಕಲ್ಲ! ಲಾಕ್ ಮಾಡಿದ ಮೇಲೆ ಹಿಡಿ ಹಿಡಿದು ಜಗ್ಗಿ, ಅಲುಗಾಡಬಾರದು.

ಪ್ಲಗ್ ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮಕ್ಕಳು, ನೆಂಟರು ಎಲ್ಲರನ್ನೂ ಮುಂಭಾಗಕ್ಕೆ ಕಳಿಸಿ. ಹಿಂಬದಿ ಭಾರಕ್ಕೆ ತಗ್ಗಿದರೆ ಕೊಳವೆಯಿಂದ ನೀರು ಉಕ್ಕುತ್ತದೆ. ಬಿಲ್ಜ್ ಪಂಪ್ ಪದೇ ಪದೇ ಓಡುತ್ತಿದ್ದರೆ ದಡಕ್ಕೆ ಬಂದೇ ಸೋರಿಕೆ ಎಲ್ಲಿದೆಯೆಂದು ಹುಡುಕಿ.